ಹದಿನೆಂಟು ನಿಮಿಷ: ಒಂದು ಸಿಮೆಂಟ್ ಕಾರ್ಖಾನೆಯ ಮೂರು ಹಂತದ ವ್ಯವಸ್ಥಾಪಕರ ಪ್ರಕರಣ ಅಧ್ಯಯನ

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಗಳ ಸುತ್ತ ಹಬ್ಬಿರುವ ಸುಣ್ಣದಕಲ್ಲಿನ ನೆಲದಲ್ಲಿ ಹಲವು ಸಿಮೆಂಟ್ ಕಾರ್ಖಾನೆಗಳಿವೆ. ಅವುಗಳಲ್ಲಿ ಒಂದರ ಸಿಬ್ಬಂದಿ ವಿಭಾಗದಲ್ಲಿ ನಾನು ಕೆಲಸ ಮಾಡುತ್ತಿದ್ದ ಕಾಲದ ಪ್ರಕರಣವಿದು. ಕಾರ್ಖಾನೆಯ ಹೆಸರನ್ನೂ ಜನರ ಹೆಸರನ್ನೂ ಬಿಟ್ಟು, ಹುದ್ದೆಯಿಂದಲೇ ಅವರನ್ನು ಕರೆಯುತ್ತೇನೆ. ಪ್ರಕರಣದಲ್ಲಿ ಮೂವರಿದ್ದಾರೆ: ಉತ್ಪಾದನಾ ವಿಭಾಗದ ಒಬ್ಬ ಶಿಫ್ಟ್ ಇಂಚಾರ್ಜ್, ಅವನ ಮೇಲಿನ ವಿಭಾಗದ ಮುಖ್ಯಸ್ಥರು, ಅವರ ಮೇಲಿನ ಘಟಕದ ಮುಖ್ಯಸ್ಥರು. ಮೂವರೂ ವ್ಯವಸ್ಥಾಪಕ ಶ್ರೇಣಿಯವರು. ಆದರೆ ಕೆಲಸದಿಂದ ಮೂವರಿಗೂ ಸಿಗುತ್ತಿದ್ದದ್ದು ಬೇರೆ, ಸಿಗದೆ ಉಳಿದದ್ದು ಬೇರೆ. ಅದನ್ನು ತಿಳಿಯದೆ ನಾನು ಒಬ್ಬ ಒಳ್ಳೆಯ ಎಂಜಿನಿಯರನಿಗೆ ಅವನು ಕೇಳದೇ ಇದ್ದದ್ದನ್ನು ಕೊಡಲು ಹೋಗಿ, ಕೊನೆಗೆ ಅವನನ್ನೇ ಕಳೆದುಕೊಂಡ ಬಗೆಯನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಆ ರಾತ್ರಿ

ಸಿಮೆಂಟ್ ಕಾರ್ಖಾನೆಯ ಜೀವ ಅದರ ತಿರುಗುವ ಕೊಳವೆಯಂಥ ಕುಲುಮೆಯಾದ ಕಿಲ್ನ್‌ನಲ್ಲಿದೆ. ಅರೆದ ಸುಣ್ಣದಕಲ್ಲಿನ ಪುಡಿ ಎತ್ತರದ ಪ್ರಿಹೀಟರ್ ಗೋಪುರದ ಸೈಕ್ಲೋನ್‌ಗಳೆಂಬ ಲಾಳಿಕೆಯಾಕಾರದ ಪಾತ್ರೆಗಳ ಮೂಲಕ ಬಿಸಿಯಾಗುತ್ತ ಇಳಿದು, ಕಿಲ್ನ್‌ನೊಳಗೆ ಸುಮಾರು 1,450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಂದು ಕ್ಲಿಂಕರ್, ಅಂದರೆ ಅರೆದು ಸಿಮೆಂಟ್ ಮಾಡುವ ಗಟ್ಟಿ ಉಂಡೆ, ಆಗುತ್ತದೆ. ಈ ಕೊಳವೆ ಹಗಲು ರಾತ್ರಿ ತಿರುಗುತ್ತಲೇ ಇರಬೇಕು. ಒಮ್ಮೆ ನಿಂತರೆ ಒಳಗಿನ ಇಟ್ಟಿಗೆ ತಣಿಯುತ್ತದೆ. ಮತ್ತೆ ಕಾಯಿಸುವಾಗ ಅವಸರ ಮಾಡಿದರೆ ಇಟ್ಟಿಗೆ ಸಿಡಿಯುತ್ತದೆ. ಆದ್ದರಿಂದ ಕಿಲ್ನ್ ಎಷ್ಟು ಬಾರಿ ನಿಂತಿತು ಎಂಬ ಲೆಕ್ಕ ಪ್ರತಿ ತಿಂಗಳು ಪ್ರಧಾನ ಕಚೇರಿಗೆ ಹೋಗುತ್ತದೆ, ಅಲ್ಲಿಂದ ಪ್ರಶ್ನೆಗಳು ಬರುತ್ತವೆ.

ಅಂಥ ಪ್ರಶ್ನೆಗಳು ಹಿಂದೊಮ್ಮೆ ತುಸು ಕಟುವಾಗಿ ಬಂದಾಗ, ವಿಭಾಗದ ಮುಖ್ಯಸ್ಥರು ಒಂದು ಸುತ್ತೋಲೆ ಹೊರಡಿಸಿದ್ದರು: ತಮ್ಮ ಅನುಮತಿಯಿಲ್ಲದೆ ಯಾವ ಶಿಫ್ಟ್ ಇಂಚಾರ್ಜ್ ಕೂಡ ಕಿಲ್ನ್‌ನ ಫೀಡ್ (ಒಳಗೆ ಬಿಡುವ ಪುಡಿಯ ಹರಿವು) ಕಡಿತಗೊಳಿಸಬಾರದು. ಹಗಲಿನಲ್ಲಿ ಇದರಿಂದ ತೊಂದರೆಯಾಗಲಿಲ್ಲ, ಏಕೆಂದರೆ ಅವರು ಕಂಟ್ರೋಲ್ ರೂಮಿನ ಪಕ್ಕದಲ್ಲೇ ಇರುತ್ತಿದ್ದರು.

ಏಪ್ರಿಲ್ ಕೊನೆಯ ಒಂದು ರಾತ್ರಿ 2.40ಕ್ಕೆ ಕೆಳಹಂತದ ಸೈಕ್ಲೋನ್‌ನ ಕೋನ್ ಒತ್ತಡ ಸೊನ್ನೆಗೆ ಇಳಿಯಿತು. ಪುಡಿ ಕೆಳಗೆ ಹರಿಯದೆ ಅಲ್ಲೇ ಕಟ್ಟಿಕೊಳ್ಳುತ್ತಿದೆ, ಅಂದರೆ ಜಾಮ್ ಆಗಿದೆ ಎಂಬುದರ ಗುರುತು ಅದು. ಮೇಲಿನಿಂದ ಗಂಟೆಗೆ 300 ಟನ್ ಪುಡಿ ಬರುತ್ತಿತ್ತು. ನಿಮಿಷಕ್ಕೆ 5 ಟನ್. ಇಂಚಾರ್ಜ್ ಫೋನ್ ಮಾಡಿದ. ಮೊದಲ ಕರೆಗೆ ಉತ್ತರ ಬರಲಿಲ್ಲ. ಎರಡನೆಯದಕ್ಕೆ ಎದ್ದ ಮುಖ್ಯಸ್ಥರು, ಆ ಒತ್ತಡ ಮಾಪಕದ ನಳಿಕೆ ಧೂಳು ಕಟ್ಟಿ ಹಿಂದೆ ಎರಡು ಸಲ ಸುಳ್ಳು ತೋರಿಸಿದ್ದನ್ನು ನೆನೆದು, ಮೇಲೆ ಒಬ್ಬನನ್ನು ಕಳಿಸಿ ನೋಡಿಸುವಂತೆ ಹೇಳಿದರು. ಅನಂತರ ಘಟಕದ ಮುಖ್ಯಸ್ಥರಿಗೆ ತಿಳಿಸಿ, ಅವರ ಒಪ್ಪಿಗೆ ಪಡೆದು, ಮರಳಿ ಕರೆ ಮಾಡುವ ಹೊತ್ತಿಗೆ 2.58 ಆಗಿತ್ತು. ಆ ಹದಿನೆಂಟು ನಿಮಿಷಗಳಲ್ಲಿ ಗೋಪುರದೊಳಗೆ ಬಿದ್ದ ಪುಡಿ 90 ಟನ್. ಕಾದ ಪುಡಿಯನ್ನು ಒತ್ತಡದ ಗಾಳಿಯ ಪೈಪಿನಿಂದ ಕೆದಕಿ ಇಳಿಸುವುದು ಜೀವಕ್ಕೆ ಅಪಾಯದ ಕೆಲಸ. ಒಮ್ಮೆಲೇ ಕುಸಿದರೆ ಬೆಂಕಿಯಂಥ ಪುಡಿ ಬಾಗಿಲಿನಿಂದ ಹೊರಗೆ ಚಿಮ್ಮುತ್ತದೆ. ಯಾರಿಗೂ ಸುಟ್ಟಗಾಯ ಆಗಲಿಲ್ಲ ಎಂಬುದನ್ನು ನಾನು ಇಂದಿಗೂ ಸಮಾಧಾನದಿಂದ ನೆನೆಯುತ್ತೇನೆ. ಆದರೆ ಅದನ್ನು ತೆರವುಗೊಳಿಸಿ ಕಿಲ್ನ್ ಮತ್ತೆ ಕಾಯಿಸುವುದಕ್ಕೆ ಎರಡು ದಿನಕ್ಕೂ ಮೀರಿ ಹಿಡಿಯಿತು.

ವಿಚಾರಣೆ ನಡೆಯಿತು. ಜಾಮ್ ಗುರುತಿಸುವಲ್ಲಿ ಮತ್ತು ಕ್ರಮ ಕೈಗೊಳ್ಳುವಲ್ಲಿ ವಿಳಂಬವಾಗಿದೆ ಎಂದು ಇಂಚಾರ್ಜ್‌ಗೆ ಮೆಮೊ ಕೊಡಲಾಯಿತು. ಅದನ್ನು ಬರೆದವನು ನಾನೇ. ಸುತ್ತೋಲೆಯ ಪ್ರತಿ ನನ್ನ ಕಡತದಲ್ಲಿಯೇ ಇದ್ದರೂ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದುವ ಕೆಲಸವನ್ನು ನಾನು ಅಂದು ಮಾಡಲಿಲ್ಲ.

ತಪ್ಪಾದ ಔಷಧ

ಜೂನ್ ತಿಂಗಳಲ್ಲಿ ಆತ ರಾಜೀನಾಮೆ ಕೊಟ್ಟ. ಕಿಲ್ನ್ ತಿಳಿದ ಎಂಜಿನಿಯರುಗಳನ್ನು ತೆಲಂಗಾಣದ ತಾಂಡೂರಿನ ಕಡೆಯ ಕಾರ್ಖಾನೆಗಳು ಹೆಚ್ಚು ಸಂಬಳ ಕೊಟ್ಟು ಕರೆದುಕೊಳ್ಳುವುದು ನಮಗೆ ಹೊಸದಲ್ಲ. ಇದೂ ಹಾಗೆಯೇ ಇರಬೇಕೆಂದುಕೊಂಡು, ನಾನು ವಿಶೇಷ ಬಡ್ತಿವೇತನದ ಪ್ರಸ್ತಾವವನ್ನೂ ಕಾಲೊನಿಯಲ್ಲಿ ದೊಡ್ಡ ಕ್ವಾರ್ಟರ್ಸ್ ಕೊಡುವ ಪತ್ರವನ್ನೂ ಸಿದ್ಧಪಡಿಸಿ ಸಹಿ ಮಾಡಿಸಿಕೊಂಡೆ. ಆತ ಎರಡನ್ನೂ ಓದಿ, ಮಡಚಿ, ನನ್ನ ಮೇಜಿನ ಮೇಲಿಟ್ಟ.

"ಪಗಾರ ಕಮ್ಮಿ ಅಂತ ನಾ ಯಾವತ್ತೂ ಅಂದಿಲ್ರಿ ಸರ್. ಜಾಮ್ ಆಗ್ಯಾದ ಅಂತ ನಂಗ ಗೊತ್ತಿತ್ತು. ಮೌಸ್ ನನ್ನ ಕೈಯಾಗೇ ಇತ್ತು. ಒತ್ತಲಿಕ್ಕ ಮಾತ್ರ ಇನ್ನೊಬ್ಬರಿಗಿ ಕೇಳಬೇಕಿತ್ತು."

ಆತ ತಾಂಡೂರಿಗೆ ಹೋಗಲಿಲ್ಲ. ಕಲಬುರಗಿಯ ಕಪನೂರು ಕೈಗಾರಿಕಾ ಪ್ರದೇಶದ ಒಂದು ಬೇಳೆ ಮಿಲ್ಲಿಗೆ ಮ್ಯಾನೇಜರ್ ಆಗಿ, ನಾವು ಕೊಡುತ್ತಿದ್ದುದಕ್ಕಿಂತ ಕಡಿಮೆ ಸಂಬಳಕ್ಕೆ ಸೇರಿದ. ಈ ಭಾಗದಲ್ಲಿ ಇದು ಸುಲಭದ ನಿರ್ಧಾರವಲ್ಲ. ಮಳೆಯನ್ನೇ ನಂಬಿದ ತೊಗರಿಯ ಬದುಕು, ಕೈಕೊಟ್ಟ ವರ್ಷ ಪುಣೆ, ಮುಂಬೈಗೆ ಗುಳೆ ಹೋಗುವ ಕುಟುಂಬಗಳು, ಸಂವಿಧಾನದ 98ನೆಯ ತಿದ್ದುಪಡಿಯಿಂದ ಬಂದ 371ಜೆ ಮೀಸಲಾತಿಯ ಅಡಿಯಲ್ಲಿ ಸರ್ಕಾರಿ ನೌಕರಿ ಸಿಗಬಹುದೆಂದು ವರ್ಷಗಟ್ಟಲೆ ಓದುತ್ತಾ ಕೂರುವ ಯುವಕರು, ಇವೆಲ್ಲದರ ನಡುವೆ ತಿಂಗಳ ಕೊನೆಗೆ ತಪ್ಪದೆ ಬರುವ ಸಂಬಳವೆಂದರೆ ಮನೆಗೆ ಕಂಬವಿದ್ದ ಹಾಗೆ. ಜೇವರ್ಗಿ ತಾಲ್ಲೂಕಿನ ರೈತರಾದ ಅವನ ತಂದೆ ನನಗೇ ಫೋನ್ ಮಾಡಿ, "ಇದ್ದ ನೌಕರಿ ಯಾರರ ಬಿಡ್ತಾರೇನ್ರಿ ಸಾಹೇಬ್ರ, ನೀವರ ಬುದ್ಧಿ ಹೇಳ್ರಿ" ಎಂದು ಕೇಳಿಕೊಂಡಿದ್ದರು. ಭದ್ರತೆಯ ಬೆಲೆ ತಿಳಿದ ಮನೆಯಿಂದ ಬಂದವನೇ ಭದ್ರತೆಯನ್ನು ಬಿಟ್ಟು ಹೊರಟಾಗ, ನನ್ನ ಊಹೆಯ ಬುಡವೇ ಸರಿಯಿಲ್ಲವೆಂದು ನನಗೆ ಮೊದಲ ಬಾರಿಗೆ ಅನ್ನಿಸಿತು.

ಅಳೆಯಲು ಬಳಸಿದ ಕೋಲು

ಮನುಷ್ಯನ ಅಗತ್ಯಗಳು ಮೆಟ್ಟಿಲುಗಳಂತಿವೆ, ಕೆಳಗಿನದು ತಕ್ಕಮಟ್ಟಿಗೆ ತುಂಬಿದ ಮೇಲೆ ಮೇಲಿನದು ಎಚ್ಚರಗೊಳ್ಳುತ್ತದೆ ಎಂದು ಅಬ್ರಹಾಂ ಮಾಸ್ಲೊ 1943ರಲ್ಲಿ ಹೇಳಿದ್ದು ವ್ಯವಹಾರ ನಿರ್ವಹಣೆ ಓದಿದ ಎಲ್ಲರಿಗೂ ಗೊತ್ತು. ಅದನ್ನು ವ್ಯವಸ್ಥಾಪಕರಿಗೆ ಹೊಂದಿಸಿ ಅಳೆಯುವ ದಾರಿ ಮಾಡಿದವರು ಅಮೆರಿಕದ ಮನಶ್ಶಾಸ್ತ್ರಜ್ಞ ಲೈಮನ್ ಪೋರ್ಟರ್. 1960ರ ದಶಕದ ಆರಂಭದಲ್ಲಿ ಅವರು ಮಾಸ್ಲೊ ಪಟ್ಟಿಯಿಂದ ಹಸಿವು, ನಿದ್ರೆಯಂಥ ದೈಹಿಕ ಅಗತ್ಯಗಳನ್ನು ಕೈಬಿಟ್ಟರು. ವ್ಯವಸ್ಥಾಪಕರಿಗೆ ಅವು ಹೇಗೂ ಪೂರೈಸಿರುತ್ತವೆ ಎಂಬುದು ಅವರ ನಿಲುವು. ಬದಲಿಗೆ ಗೌರವಕ್ಕೂ ಆತ್ಮಸಾಕ್ಷಾತ್ಕಾರಕ್ಕೂ ನಡುವೆ ಸ್ವಾಯತ್ತತೆ ಎಂಬ ಒಂದನ್ನು ಪ್ರತ್ಯೇಕವಾಗಿ ಸೇರಿಸಿದರು. ಹೀಗೆ ಭದ್ರತೆ, ಒಡನಾಟ, ಗೌರವ, ಸ್ವಾಯತ್ತತೆ, ಆತ್ಮಸಾಕ್ಷಾತ್ಕಾರ ಎಂಬ ಐದು ಅಗತ್ಯಗಳಾದವು. ಕನ್ನಡದಲ್ಲಿ ಆತ್ಮಸಾಕ್ಷಾತ್ಕಾರ ಎಂದೊಡನೆ ಅಧ್ಯಾತ್ಮ ನೆನಪಾಗುತ್ತದೆ. ಇಲ್ಲಿ ಅದರ ಅರ್ಥ, ತನ್ನಲ್ಲಿರುವ ಸಾಮರ್ಥ್ಯವೆಲ್ಲ ಕೆಲಸದಲ್ಲಿ ಹೊರಬರುವುದು ಎಂದಷ್ಟೆ.

ಪೋರ್ಟರ್ ಅವರ ಪ್ರಶ್ನಾವಳಿಯ 13 ಅಂಶಗಳಲ್ಲಿ ಪ್ರತಿಯೊಂದಕ್ಕೂ ಮೂರು ಪ್ರಶ್ನೆಗಳಿವೆ: ನಿಮ್ಮ ಹುದ್ದೆಯಲ್ಲಿ ಇದು ಈಗ ಎಷ್ಟಿದೆ, ಎಷ್ಟಿರಬೇಕು, ನಿಮಗೆ ಇದು ಎಷ್ಟು ಮುಖ್ಯ. ಉತ್ತರವನ್ನು 1ರಿಂದ 7ರೊಳಗೆ ಗುರುತಿಸಬೇಕು. ಇರಬೇಕಾದದ್ದರಲ್ಲಿ ಇರುವುದನ್ನು ಕಳೆದರೆ ಉಳಿಯುವುದೇ ಕೊರತೆ. ನೀವು ತೃಪ್ತರೇ ಎಂದು ನೇರವಾಗಿ ಕೇಳದಿರುವುದರಲ್ಲಿಯೇ ಈ ವಿಧಾನದ ಜಾಣ್ಮೆಯಿದೆ. ನಮ್ಮಲ್ಲಿ ಆ ಪ್ರಶ್ನೆಯನ್ನು ನೇರವಾಗಿ ಕೇಳಿದರೆ "ಏನೂ ತೊಂದರಿ ಇಲ್ರಿ, ಆರಾಮ ಇದ್ದೀವ್ರಿ" ಎಂಬುದರ ಆಚೆಗೆ ಮಾತು ಹೋಗುವುದಿಲ್ಲ.

ಐದು ಹಂತಗಳ 1,900ಕ್ಕೂ ಹೆಚ್ಚು ಅಮೆರಿಕನ್ ವ್ಯವಸ್ಥಾಪಕರ ಉತ್ತರಗಳನ್ನು ಆಧರಿಸಿ ಪೋರ್ಟರ್ 1962ರಲ್ಲಿ ಪ್ರಕಟಿಸಿದ ಫಲಿತಾಂಶದ ಸಾರವಿಷ್ಟು: ಭದ್ರತೆ ಮತ್ತು ಒಡನಾಟದ ತೃಪ್ತಿ ಹುದ್ದೆಯ ಎತ್ತರದೊಂದಿಗೆ ಕ್ರಮವಾಗಿ ಬದಲಾಗುವುದಿಲ್ಲ, ಗೌರವ, ಸ್ವಾಯತ್ತತೆ, ಆತ್ಮಸಾಕ್ಷಾತ್ಕಾರಗಳ ಕೊರತೆ ಮಾತ್ರ ಕೆಳಗಿಳಿದಂತೆ ಹೆಚ್ಚುತ್ತದೆ. ಅನಂತರ ಇದೇ ಜಾಡಿನಲ್ಲಿ 14 ದೇಶಗಳ ವ್ಯವಸ್ಥಾಪಕರನ್ನು ಕುರಿತು ನಡೆದ, 1966ರಲ್ಲಿ ಹೊರಬಂದ ಅಧ್ಯಯನದಲ್ಲಿ ಭಾರತವೂ ಇತ್ತು.

ಆತ ಹೊರಟುಹೋದ ಮೇಲೆ, ಜುಲೈ ತಿಂಗಳಲ್ಲಿ, ನಾನು ಆ ಮೂರು ಪ್ರಶ್ನೆಗಳನ್ನು ಹಿಡಿದು ಮೂವರ ಬಳಿಯೂ ಹೋದೆ. ಸರಾಸರಿ ತೆಗೆಯುವ ಉದ್ದೇಶವಿರಲಿಲ್ಲ. ಅಂಕಿ ಬರೆದ ಮೇಲೆ ಅವರು ಕೊಡುವ ಕಾರಣ ಕೇಳುವುದೇ ನನಗೆ ಬೇಕಾಗಿತ್ತು.

ಮೂವರು ಹೇಳಿದ್ದು

ಇಂಚಾರ್ಜ್‌ನನ್ನು ಮಿಲ್ಲಿನಲ್ಲಿಯೇ ಕಂಡೆ. ಕಾರ್ಖಾನೆಯ ದಿನಗಳನ್ನು ನೆನೆದು ಉತ್ತರಿಸುವಂತೆ ಕೇಳಿದಾಗ ಭದ್ರತೆಗೆ ಇದ್ದದ್ದು 6, ಇರಬೇಕಾದ್ದೂ 6 ಎಂದ. ಸ್ವಾಯತ್ತತೆಗೆ ಇದ್ದದ್ದು 2, ಇರಬೇಕಾದ್ದು 5 ಎಂದು ಬರೆದ. 7 ಎಂದು ಬರೆಯಲಿಲ್ಲ ಎಂಬುದನ್ನು ಗಮನಿಸಬೇಕು. ಕಾರಣ ಕೇಳಿದಾಗ, ಕಿಲ್ನ್ ನೂರಾರು ಜನರ ಅನ್ನ, ಅದರ ಮೇಲೆ ಒಬ್ಬನ ಮಾತೇ ನಡೆಯಬಾರದು ಎಂದ. ಅವನು ಕೇಳಿದ್ದು ಅಧಿಕಾರದ ಹಸಿವಿನಿಂದಲ್ಲ. ತನಗೆ ಖಚಿತವಾಗಿ ತಿಳಿದಿರುವ ಒಂದು ಕಡೆ, ತಿಳಿದ ಹೊತ್ತಿನಲ್ಲಿ, ತಿಳಿದದ್ದನ್ನು ಮಾಡಲು ಬಿಡಬೇಕೆಂಬುದಷ್ಟೇ ಅವನ ಬೇಡಿಕೆಯಾಗಿತ್ತು. ಮೆಮೊ ಅವನನ್ನು ನೋಯಿಸಿದ್ದು ಕೂಡ ಇದೇ ಕಾರಣಕ್ಕೆ: ಕೈ ಕಟ್ಟಿ ನಿಲ್ಲಿಸಿ, ಕೈ ಯಾಕೆ ಎತ್ತಲಿಲ್ಲ ಎಂದು ಕೇಳಿದ ಹಾಗಾಗಿತ್ತು. ಬೇಳೆ ಮಿಲ್ಲಿನಲ್ಲಿ ಎಣ್ಣೆ ಹಚ್ಚಿ ಒಣಹಾಕಿದ ತೊಗರಿಯನ್ನು ಯಾವಾಗ ಒಳಗೆ ತರಬೇಕು, ಯಾವಾಗ ಮಷೀನಿಗೆ ಬಿಡಬೇಕು ಎಂಬುದು ಅವನ ನಿರ್ಧಾರ. ಮೋಡ ಬಂದರೆ ಅವನೇ ನೋಡುತ್ತಾನೆ, ಕಾಳನ್ನು ಹಲ್ಲಿನಲ್ಲಿ ಕಡಿದು ತೇವವನ್ನು ಅವನೇ ಅಂದಾಜಿಸುತ್ತಾನೆ. ಸಂಬಳ ಕಡಿಮೆಯಾದ ಬಗ್ಗೆ ಹೆಂಡತಿ ಇನ್ನೂ ಬೇಸರ ಮಾಡಿಕೊಳ್ಳುತ್ತಾಳೆಂದು ಮುಚ್ಚುಮರೆಯಿಲ್ಲದೆ ಹೇಳಿದ.

ನಾನು ಹೆಚ್ಚು ಕಲಿತದ್ದು ವಿಭಾಗದ ಮುಖ್ಯಸ್ಥರಿಂದ. ಬೀದರ್ ಜಿಲ್ಲೆಯ ಭಾಲ್ಕಿ ಕಡೆಯವರಾದ ಇವರು ಇಪ್ಪತ್ತು ವರ್ಷಕ್ಕೂ ಮೀರಿ ಕಿಲ್ನ್ ನಡೆಸಿದವರು. ಕಂಟ್ರೋಲ್ ರೂಮಿನ ಗಾಜಿನಾಚೆ ಕೂತು ಫ್ಯಾನಿನ ಸದ್ದಿನಿಂದಲೇ ದೋಷ ಹೇಳಬಲ್ಲವರು. ಅವರನ್ನು ಈ ಪ್ರಕರಣದ ತಪ್ಪಿತಸ್ಥರೆಂದು ತಿಳಿದು ಹೋಗಿದ್ದ ನನಗೆ, ಅವರು ಬರೆದ ಅಂಕಿ ನೋಡಿ ಆಶ್ಚರ್ಯವಾಯಿತು. ಸ್ವಾಯತ್ತತೆಗೆ ಈಗಿರುವುದು 3, ಇರಬೇಕಾದ್ದು 6. ಅಂದರೆ ಅವರ ಕೊರತೆಯೂ ತಮ್ಮ ಕೈಕೆಳಗಿನವನ ಕೊರತೆಯಷ್ಟೇ ಇತ್ತು. ಸಣ್ಣ ಬಿಡಿಭಾಗದ ಖರೀದಿಗೂ ಬೇರೊಂದು ಊರಿನ ಪ್ರಧಾನ ಕಚೇರಿಯ ಒಪ್ಪಿಗೆ ಬೇಕಿತ್ತು. ಆ ಸುಳ್ಳು ತೋರಿಸುವ ಒತ್ತಡ ಮಾಪಕವನ್ನು ಬದಲಿಸಬೇಕೆಂದು ಅವರು ಹಿಂದಿನ ವರ್ಷವೇ ಬರೆದ ಬೇಡಿಕೆ ಇನ್ನೂ ಬಾಕಿ ಉಳಿದಿತ್ತು.

"ಕಿಲ್ನ್ ನಿಂತ್ರ ಮುಂಜಾನಿ ಹೆಡ್ ಆಫೀಸಿನ ಫೋನ್ ಯಾರಿಗಿ ಬರ್ತದ ಹೇಳ್ರಿ? ನಂಗ. ಹಂಗಾಗಿ ನಂಗ ಕೇಳಿ ನಿಲ್ಲಸ್ರಿ ಅಂತೀನಿ. ಇದ್ದದ್ದು ಅದೊಂದೇ ನನ್ನ ಕೈಯಾಗ."

ಕೊನೆಯ ವಾಕ್ಯವನ್ನು ಅವರು ಮೆಲ್ಲಗೆ ಹೇಳಿದರು. ಮೇಲಿನಿಂದ ಸಿಗದ ಅಧಿಕಾರದ ಕೊರತೆಯನ್ನು ಅವರು ಕೆಳಗಿನಿಂದ ತುಂಬಿಕೊಂಡಿದ್ದರು. ಕೆಳಗಿನವನ ಕೈಯಲ್ಲಿದ್ದ ಒಂದು ನಿರ್ಧಾರವನ್ನು ತಮ್ಮ ಬಳಿ ಇಟ್ಟುಕೊಂಡಾಗ ಅವರಿಗೆ ಸ್ವಾಯತ್ತತೆ ಸಿಕ್ಕಿತೆಂದಲ್ಲ, ಗೌರವವಾದರೂ ಸಿಕ್ಕಿತು: ರಾತ್ರಿ ಎರಡೂವರೆಗೆ ಕರೆ ಬರುತ್ತದೆಂದರೆ ತಾವಿಲ್ಲದೆ ಏನೂ ನಡೆಯುವುದಿಲ್ಲ ಎಂದು. ಅದೇ ಕರೆಗಳು ಅವರ ನೆಮ್ಮದಿಯನ್ನೂ ತಿಂದಿದ್ದವು. ಮಾರ್ಚ್‌ನಲ್ಲಿ ಶರಣಬಸವೇಶ್ವರರ ಜಾತ್ರೆಗೆ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋದಾಗ, ತೇರು ಎಳೆಯುವ ಹೊತ್ತಿನಲ್ಲಿ ಜನಜಂಗುಳಿಯಿಂದ ಹೊರಗೆ ಬಂದು, ಒಂದು ಕಿವಿ ಮುಚ್ಚಿಕೊಂಡು, ಫೀಡ್ ಎಷ್ಟಿಡಬೇಕೆಂದು ಫೋನಿನಲ್ಲಿ ಹೇಳುತ್ತ ನಿಂತಿದ್ದರಂತೆ. ಮೊಮ್ಮಗಳಿಗೆ ತೇರು ತೋರಿಸಲಾಗಲಿಲ್ಲವೆಂದು ನೊಂದು ಹೇಳಿದರು.

ಘಟಕದ ಮುಖ್ಯಸ್ಥರು ಉತ್ತರ ಭಾರತದವರು. ಸ್ವಾಯತ್ತತೆಯಲ್ಲಿ ಅವರಿಗೆ ಕೊರತೆ ಕಾಣಲಿಲ್ಲ. 6 ಮತ್ತು 6. ಒಡನಾಟದ ಪ್ರಶ್ನೆಗೆ ಬಂದಾಗ ಮಾತ್ರ ಪೆನ್ನು ನಿಂತಿತು: ಈಗಿರುವುದು 2, ಇರಬೇಕಾದ್ದು 5. ಕುಟುಂಬ ಬೇರೆ ಊರಿನಲ್ಲಿದ್ದು, ಅವರು ಗೆಸ್ಟ್‌ಹೌಸಿನಲ್ಲಿ ಒಬ್ಬರೇ ಉಣ್ಣುತ್ತಿದ್ದರು. ಒಡನಾಟದ ಕೊರತೆ ಹಂತದೊಂದಿಗೆ ಬದಲಾಗದು ಎಂಬ ಪೋರ್ಟರ್ ಫಲಿತಾಂಶಕ್ಕೆ ಒಬ್ಬರ ಉತ್ತರ ವಿರೋಧವಾಗಲಾರದು. ಆದರೂ ಆ ರಾತ್ರಿ ಅವರು ಕಾರಣವನ್ನು ಮತ್ತೆ ಮತ್ತೆ ಕೇಳಿ ನಿಮಿಷಗಳನ್ನು ಕಳೆದದ್ದಕ್ಕೂ, ವಿಭಾಗದ ಮುಖ್ಯಸ್ಥರೊಂದಿಗೆ ಅವರಿಗೆ ಕಡತದಾಚೆಗಿನ ಪರಿಚಯ ಇಲ್ಲದಿದ್ದುದಕ್ಕೂ ಸಂಬಂಧವಿದೆಯೆಂದು ನಾನು ನಂಬುತ್ತೇನೆ. ಪರಸ್ಪರ ಬಲ್ಲವರ ನಡುವೆ ಒಂದು ಮಾತಿನಲ್ಲಿ ಮುಗಿಯುವುದು, ಪರಿಚಯವಿಲ್ಲದವರ ನಡುವೆ ಹತ್ತು ಪ್ರಶ್ನೆ ಬೇಡುತ್ತದೆ.

ನನ್ನ ವಿಶ್ಲೇಷಣೆ

ಕೆಳಹಂತದಲ್ಲಿ ಸ್ವಾಯತ್ತತೆಯ ಕೊರತೆ ಹೆಚ್ಚು ಎಂದು ಸಂಶೋಧನೆ ಹೇಳುತ್ತದೆ. ಅದನ್ನು ಓದಿದ ಸಿಬ್ಬಂದಿ ಅಧಿಕಾರಿ ಸಹಜವಾಗಿ ಕೆಳಹಂತದವರಿಗೇ ಪರಿಹಾರ ಹುಡುಕುತ್ತಾನೆ: ತರಬೇತಿ, ಪ್ರಶಂಸಾಪತ್ರ, ಸಭೆಯಲ್ಲಿ ಒಂದು ಕುರ್ಚಿ. ಈ ಪ್ರಕರಣ ನನಗೆ ತೋರಿಸಿದ್ದೇ ಬೇರೆ. ಇಲ್ಲಿ ಕೆಳಗಿನವನ ಕೊರತೆ ಹುಟ್ಟಿದ್ದು ನಡುವಿನವರ ಕೊರತೆಯಿಂದ. ಹೊಲದ ಮೇಲ್ಭಾಗದವನಿಗೇ ಕಾಲುವೆಯ ನೀರು ಸಾಲದಿದ್ದಾಗ ಆತ ತೂಬು ಮುಚ್ಚುತ್ತಾನೆ. ಒಣಗುವುದು ಕೆಳಗಿನವನ ಬೆಳೆ. ಕೆಳಗಿನವನಿಗೆ ಗೊಬ್ಬರ ಹಂಚಿ ಉಪಯೋಗವಿಲ್ಲ. ನಾನು ಮುಂದಿಟ್ಟಿದ್ದ ಬಡ್ತಿವೇತನ ಅಂಥ ಗೊಬ್ಬರವಾಗಿತ್ತು.

ಮಾಸ್ಲೊ ಮೆಟ್ಟಿಲುಗಳನ್ನು ನಾನು ಪೂರ್ತಿ ನಂಬುವುದಿಲ್ಲ ಎಂದೂ ಹೇಳಬೇಕು. 1968ರಲ್ಲಿ ಡಗ್ಲಸ್ ಹಾಲ್ ಮತ್ತು ಖಲೀಲ್ ನೌಗೈಮ್ ಅವರು 49 ಯುವ ವ್ಯವಸ್ಥಾಪಕರನ್ನು ಐದು ವರ್ಷಗಳ ದಾಖಲೆಗಳ ಮೂಲಕ ಹಿಂಬಾಲಿಸಿ ನೋಡಿದಾಗ, ಒಂದು ಅಗತ್ಯ ತುಂಬಿದ ಮೇಲೆ ಮುಂದಿನದು ಏಳುತ್ತದೆ ಎಂಬುದಕ್ಕೆ ಗಟ್ಟಿ ಆಧಾರ ಸಿಗಲಿಲ್ಲ. ಅಗತ್ಯಗಳ ಬದಲಾವಣೆಗೆ ಅವರು ವೃತ್ತಿಜೀವನದ ಹಂತಗಳಲ್ಲಿ ಕಾರಣ ಕಂಡರು. ನಮ್ಮ ಇಂಚಾರ್ಜ್‌ಗೆ ಒಂಬತ್ತು ವರ್ಷದ ಅನುಭವವಾಗಿತ್ತು. ಮೂರನೆಯ ವರ್ಷದಲ್ಲಿ ಇದೇ ಸುತ್ತೋಲೆ ಬಂದಿದ್ದರೆ ಆತ ಅದನ್ನು ರಕ್ಷಣೆಯೆಂದು ತಿಳಿಯುತ್ತಿದ್ದನೇನೋ. ಒಂಬತ್ತನೆಯ ವರ್ಷದಲ್ಲಿ ಅದು ಅವಮಾನವಾಯಿತು. ಕಾರ್ಖಾನೆ ಮಾತ್ರ ಮೊದಲ ವರ್ಷದವನಿಗೂ ಒಂಬತ್ತನೆಯ ವರ್ಷದವನಿಗೂ ಒಂದೇ ಸುತ್ತೋಲೆ ಕಳಿಸಿತ್ತು.

ಮಾಡಿದ ಬದಲಾವಣೆ

ಮೊದಲು ನಡುವಿನ ಹಂತದಿಂದ ಆರಂಭಿಸಿದೆವು. ವಿಭಾಗದ ಮುಖ್ಯಸ್ಥರಿಗೆ ಒಂದು ಮಿತಿಯವರೆಗಿನ ಬಿಡಿಭಾಗಗಳನ್ನು ಸ್ವಂತ ಸಹಿಯಲ್ಲಿ ತರಿಸುವ ಅಧಿಕಾರ ಕೊಡಿಸಲು ಘಟಕದ ಮುಖ್ಯಸ್ಥರು ಪ್ರಧಾನ ಕಚೇರಿಯೊಂದಿಗೆ ಎರಡು ತಿಂಗಳು ಪತ್ರವ್ಯವಹಾರ ನಡೆಸಿದರು. ಮಂಜೂರಾದ ವಾರದಲ್ಲಿಯೇ ಅವರು ತರಿಸಿದ್ದು ಆ ಒತ್ತಡ ಮಾಪಕವನ್ನು. ಅನಂತರವಷ್ಟೇ ಹಳೆಯ ಸುತ್ತೋಲೆಯ ಮಾತು ಎತ್ತಿದೆವು. ಅದರ ಬದಲಿಗೆ ಒಂದು ಪುಟದ ಅಧಿಕಾರ ಪಟ್ಟಿ ಬಂತು: ಯಾವ ಯಾವ ಗುರುತು ಕಂಡರೆ ಶಿಫ್ಟ್ ಇಂಚಾರ್ಜ್ ಯಾರನ್ನೂ ಕೇಳದೆ ಫೀಡ್ ಪೂರ್ತಿ ನಿಲ್ಲಿಸಬಹುದು, ಎಷ್ಟು ಹೊತ್ತಿನೊಳಗೆ ತಿಳಿಸಬೇಕು, ಲಾಗ್ ಪುಸ್ತಕದಲ್ಲಿ ಏನು ಬರೆಯಬೇಕು ಎಂದು. ಪಟ್ಟಿಯೊಳಗಿನ ಗುರುತನ್ನು ನಂಬಿ ನಿಲ್ಲಿಸಿದವನಿಗೆ, ಆ ಗುರುತು ಸುಳ್ಳೆಂದು ಆಮೇಲೆ ತಿಳಿದರೂ ಮೆಮೊ ಇಲ್ಲ ಎಂಬ ಕೊನೆಯ ಸಾಲಿಗಾಗಿ ನಾನು ಹಟ ಹಿಡಿದೆ. ಪಟ್ಟಿಯನ್ನು ತಮ್ಮ ಕೈಯಾರೆ ಬರೆದವರು ವಿಭಾಗದ ಮುಖ್ಯಸ್ಥರೇ. ಇಪ್ಪತ್ತು ವರ್ಷದ ತಿಳಿವಳಿಕೆಯನ್ನು ಒಂದು ಪುಟಕ್ಕೆ ಇಳಿಸಲು ಅವರಿಗೆ ಮೂರು ವಾರ ಬೇಕಾಯಿತು. ಆ ಮೂರು ವಾರ ಅವರು ಯಾರ ಮೇಲೂ ದನಿ ಏರಿಸಲಿಲ್ಲವೆಂದು ಕಂಟ್ರೋಲ್ ರೂಮಿನವರು ಹೇಳಿದರು. ಮೆಮೊವನ್ನು ಹಿಂಪಡೆದು, ಅದರ ಪತ್ರವನ್ನು ನಾನೇ ಕಪನೂರಿಗೆ ಒಯ್ದು ಕೊಟ್ಟೆ.

ದೀಪಾವಳಿ ಮುಗಿದ ಮೇಲೆ ಒಂದು ರಾತ್ರಿ ಬೇರೊಬ್ಬ ಇಂಚಾರ್ಜ್ ಇಂಥದೇ ಗುರುತು ಕಂಡು ಎರಡು ನಿಮಿಷದೊಳಗೆ ಫೀಡ್ ನಿಲ್ಲಿಸಿದ. ಜಾಮ್ ನಿಜವೇ ಆಗಿತ್ತು, ಆದರೆ ಚಿಕ್ಕದು, ಬೆಳಗಾಗುವಷ್ಟರಲ್ಲಿ ತೆರವಾಯಿತು. ಮುಂಜಾನೆ ಬಂದ ವಿಭಾಗದ ಮುಖ್ಯಸ್ಥರು, ರಾತ್ರಿ ಒಂದೇ ಸಾಲಿನ ಮೆಸೇಜ್ ಹೊರತು ಕರೆಯೇ ಬರಲಿಲ್ಲವಲ್ಲ ಎಂದು ಮುಖ ಬಿಗಿದುಕೊಂಡೇ ಲಾಗ್ ಪುಸ್ತಕ ತರಿಸಿದರು. ಎರಡು ಸಲ ಓದಿ, ಸಮಯ ಬರೆದದ್ದರ ಕೆಳಗೆ ಗೆರೆ ಎಳೆದು ಸಹಿ ಹಾಕಿ, ಪಾಳಿ ಮುಗಿಸಿ ಹೊರಟಿದ್ದ ಆ ಹುಡುಗನನ್ನು ಕರೆದು ಕೂರಿಸಿಕೊಂಡು ಚಹಾ ತರಿಸಿದರು.

ಹೊರಟುಹೋದವನನ್ನು ಮರಳಿ ಕರೆಯಬೇಕೆಂದು ಅವರೇ ನನ್ನನ್ನು ಕೇಳಿದರು. ಡಿಸೆಂಬರಿನಲ್ಲಿ ನಾನು ಫೋನ್ ಮಾಡಿ ಪಟ್ಟಿಯ ಸಂಗತಿಯನ್ನೂ ಆ ರಾತ್ರಿಯ ಸಂಗತಿಯನ್ನೂ ಹೇಳಿದೆ. ಆತ ಪಟ್ಟಿಯಲ್ಲಿ ಯಾವ ಯಾವ ಗುರುತುಗಳಿವೆಯೆಂದು ಒಂದೊಂದಾಗಿ ಕೇಳಿ ತಿಳಿದುಕೊಂಡ; ಒಂದು ಬಿಟ್ಟುಹೋಗಿದೆಯೆಂದು ಹೇಳಿ ಅದನ್ನು ಸೇರಿಸಲು ಬರೆಸಿದ. ಬರುವ ವಿಷಯ ಕೇಳಿದಾಗ ಮಾತ್ರ, "ಈಗ ಹೊಸ ತೊಗರಿ ಬರಲತ್ತದ್ರಿ ಸರ್. ಸೀಜನ್ ಮುಗಿಯೋ ತನಕಾ ಮಿಲ್ ಬಿಟ್ಟು ಬರಲಿಕ್ಕ ಆಗಂಗಿಲ್ರಿ" ಎಂದ. ಹಿಂದೆ ಮಷೀನಿನ ಸದ್ದು ಕೇಳಿಸುತ್ತಿತ್ತು. ಯಾರೋ ಬಂದು ಏನೋ ಕೇಳಿದರು, ಆತ ಅಲ್ಲಿಯೇ ಉತ್ತರ ಕೊಟ್ಟು ನನ್ನ ಮಾತಿಗೆ ಮರಳಿದ.